ತೊಂಬತ್ತು ದಿನ ಮುಟ್ಟಬಾರದ ಹಣ

ಬೆಕ್‌ನಜರ್ ಮುದುಕ ಸತ್ತ ದಿನಕ್ಕೆ ನಮ್ಮ ಹಣ ಬ್ಯಾಂಕಿನಲ್ಲಿ ಮಲಗಿ ಅರವತ್ತೈದು ದಿನವಾಗಿತ್ತು. ಇನ್ನು ಇಪ್ಪತ್ತೈದು ದಿನ ಅದು ಅಲುಗಬಾರದಿತ್ತು. ಹನ್ನೆರಡು ಲಕ್ಷ ಸೋಮ್. ಒಂದೇ ಒಂದು ಸೋಮ್ ಆಚೆ ಬಂದರೂ ಬ್ಯಾಂಕಿನವರು ಕೊಡುವ ಕಾಗದದಲ್ಲಿ ಅದು ಕಾಣುತ್ತಿತ್ತು. ಕಾಗದ ಕೆಟ್ಟರೆ ವೀಸಾ ಕೆಡುತ್ತಿತ್ತು. ವೀಸಾ ಕೆಟ್ಟರೆ ನನ್ನ ತಂಗಿ ಸಲ್ಕಿನ್ ಕೊರಿಯಾದ ಕಾಲೇಜಿಗೆ ಹೋಗುವ ಬದಲು ನನ್ನ ಹಿಂದೆ ಕಲ್ಲಿದ್ದಲಿನ ಗುಂಡಿಗೆ ಇಳಿಯುತ್ತಿದ್ದಳು.

ಮುದುಕನಿಗೆ ಇನ್ನೊಂದು ತಿಂಗಳು ತಡೆದುಕೊಳ್ಳಲು ಏನಾಗಿತ್ತು? ಎಂಬತ್ತೊಂಬತ್ತು ವರ್ಷ ತಡೆದುಕೊಂಡಿದ್ದ.

ಹುಡುಗಿಯನ್ನು ಓದಿಸುವ ಶಕ್ತಿ ನಿಮಗಿದೆಯಾ, ತೋರಿಸಿ ಎಂದು ಆ ದೇಶದವರು ಕೇಳುತ್ತಾರೆ. ನನ್ನನ್ನು ಕೇಳಿದ್ದರೆ ಬೆನ್ನು ತೋರಿಸುತ್ತಿದ್ದೆ. ನಲವತ್ತು ಕಿಲೋ ಚೀಲ ಉಜ್ಜಿ ಉಜ್ಜಿ ಅಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿದೆ. ಮೊಣಕಾಲು ತೋರಿಸುತ್ತಿದ್ದೆ. ನಮ್ಮ ಗುಂಡಿಯ ಬಾಯಿ ನಾಯಿ ನುಗ್ಗುವಷ್ಟು. ಒಳಗೆ ತೆವಳಿಯೇ ಹೋಗಬೇಕು, ಚೀಲ ಎಳೆದುಕೊಂಡು ತೆವಳಿಯೇ ಬರಬೇಕು. ಆದರೆ ಅವರಿಗೆ ಬೇಕಾದ ಶಕ್ತಿ ಅದಲ್ಲ. ತೊಂಬತ್ತು ದಿನ ಯಾರೂ ಮುಟ್ಟದೆ ಬಿದ್ದಿರುವ ಹಣ ಬೇಕು. ಬಡವರ ಹಣ ತೊಂಬತ್ತು ದಿನ ಎಲ್ಲಿ ಬಿದ್ದಿರುತ್ತದೆ? ತೊಂಬತ್ತು ಗಂಟೆಯೂ ಇರುವುದಿಲ್ಲ.

ಆ ಹಣ ನಮ್ಮದಷ್ಟೇ ಅಲ್ಲ. ಅರ್ಧ ನಾನೂ ಅವ್ವ ಬುಬುಸಾರಾಳೂ ಆರು ಚಳಿಗಾಲ ದುಡಿದು, ಹಸು ಮಾರಿ ಕೂಡಿಸಿದ್ದು. ಇನ್ನರ್ಧ ಗುಂಡಿಯಲ್ಲಿ ನಮ್ಮ ಜೊತೆ ಚೀಲ ಹೊರುವ ಏಳು ಹೆಂಗಸರದು. ಅವರದೊಂದು ಚೀಟಿ ಇತ್ತು. ವರ್ಷಕ್ಕೊಬ್ಬಳು ಎತ್ತಿಕೊಳ್ಳುತ್ತಿದ್ದಳು. ಈ ಸಲ ಏಳೂ ಜನ ಕೂಡಿ ಇದ್ದಬದ್ದದ್ದೆಲ್ಲ ತಂದು ಅವ್ವನ ಹೆಸರಿಗೆ ಕಟ್ಟಿದರು. ಅವರಲ್ಲಿ ಹಿರಿಯಳು ಶಾಕೆನ್. ಕೂಲಿಗೆ ಹೋದ ಗಂಡನನ್ನು ರಷ್ಯಾ ನುಂಗಿತ್ತು, ಹಲ್ಲುಗಳನ್ನು ವಯಸ್ಸು ನುಂಗಿತ್ತು.

"ಕಾಗದ ಸಿಕ್ಕಿದ ಮೇಲೆ ನಮ್ದು ನಮಗೆ ಕೊಟ್ಬಿಡು," ಅಂದಿದ್ದಳು. "ಒಬ್ಳಾದ್ರೂ ಈ ಬಿಲದಿಂದ ಆಚೆ ಓಡ್ಲಿ. ನಾವು ಕುಂಡಿ ಒತ್ತಿ ಆಚೆ ತಳ್ತೀವಿ."

ಊರಿನಲ್ಲಿ ನಮಗೆ ಕಿರ್ಮೆ ಅನ್ನುತ್ತಾರೆ. ಹೊರಗಿನಿಂದ ನುಗ್ಗಿದವರು ಅಂತ. ನಮ್ಮ ಮುತ್ತಜ್ಜ ಬೆಟ್ಟದ ಆಚೆಯಿಂದ ಬಂದು ಇವರ ಕುರಿ ಕಾಯುತ್ತಿದ್ದನಂತೆ. ನೂರು ವರ್ಷದಿಂದ ಇಲ್ಲೇ ಹುಟ್ಟಿ ಇಲ್ಲೇ ಸತ್ತರೂ ಇವರ ವಂಶದ ಪಟದಲ್ಲಿ ನಮ್ಮ ಹೆಸರಿಲ್ಲ. ಸಾವಿನ ಮನೆಗೆ ಎಲ್ಲರಷ್ಟೇ ಕೊಡಬೇಕು, ಎಲ್ಲರಿಗಿಂತ ಹೆಚ್ಚು ದುಡಿಯಬೇಕು, ಕೂರುವುದು ಮಾತ್ರ ಬಾಗಿಲಲ್ಲಿ, ಚಪ್ಪಲಿಗಳ ಪಕ್ಕ. ಮಾಂಸ ಹಂಚುವಾಗ ಯಾರಿಗೆ ಯಾವ ಮೂಳೆ ಎಂದು ಇವರಲ್ಲಿ ಕಟ್ಟುನಿಟ್ಟು. ಹಿರಿಯರಿಗೆ ತೊಡೆ, ಅಳಿಯನಿಗೆ ಎದೆ. ನಮಗೆ ಯಾವುದು ಉಳಿದರೆ ಅದು. ಅಪ್ಪ ಇಸಾಬೆಕ್ ಐವತ್ತು ವರ್ಷ ಬದುಕಿ ಒಂದು ದಿನವೂ ತೊಡೆಯ ಮೂಳೆ ಕಂಡವನಲ್ಲ.

ಬೆಕ್‌ನಜರ್ ಇವರ ವಂಶಕ್ಕೆ ಹಿರಿಯ. ಅಂಗಳದಲ್ಲಿ ಅವನಿಗೆ ಬಿಳಿ ಕಂಬಳಿಯ ಗುಡಾರ ಎದ್ದಿತು. ಗಂಡಸರು ಕೋಲೂರಿಕೊಂಡು ಸಾಲಾಗಿ ನಿಂತು ಹೋ ಎಂದು ಅತ್ತರು. ನನ್ನನ್ನೂ ಅವ್ವನನ್ನೂ ತೊರೆಗೆ ಕಳಿಸಿದರು, ಸಾವಿನ ಊಟಕ್ಕೆ ಕೊಯ್ದ ಕುದುರೆಯ ಕರುಳು ತೊಳೆಯಲು. ತೊರೆಯ ಅಂಚಿನಲ್ಲಿ ಹಿಮದ ಗಾಜು ಕಟ್ಟಿತ್ತು. ಕರುಳು ಮಗುಚಿ, ಸಗಣಿ ಕೊಡವಿ, ಉಪ್ಪು ಹಚ್ಚಿ ತಿಕ್ಕಿದೆವು. ಬೆರಳು ಮರಗಟ್ಟಿ ಉಗುರಿನ ಸಂದಿಯಲ್ಲಿ ರಕ್ತ ಬಂದರೂ ಗೊತ್ತಾಗಲಿಲ್ಲ.

ತೊಳೆದು ಬಂದು ಬಾಗಿಲಲ್ಲಿ ಕೂತೆವು. ಆಗ ಸತ್ತವನ ತಮ್ಮ ಶಾರ್ಶೆನ್ ಹಿರಿಯರು ಕೂರುವ ಮೇಲಿನ ಜಾಗದಿಂದ ಕೂಗಿದ.

"ಬಾ ಬುಬುಸಾರಾ, ಮೇಲಕ್ಕೆ ಬಾ. ಬಾಗಿಲಲ್ಲಿ ಯಾಕಮ್ಮಾ ಕೂತೆ, ಚಳಿ."

ಅವ್ವ ಹಿಂದೆ ತಿರುಗಿ ನೋಡಿದಳು. ಬುಬುಸಾರಾ ಅನ್ನುವವಳು ಇನ್ನೊಬ್ಬಳಿದ್ದಾಳೇನೋ ಎಂದು.

ಜನ ಸರಿದು ಜಾಗ ಬಿಟ್ಟರು. ಶಾರ್ಶೆನ್ ತನ್ನ ಕೈಯಾರೆ ತಟ್ಟೆಯಿಂದ ತೊಡೆಯ ಮೂಳೆ ಎತ್ತಿ ಅವ್ವನ ಮುಂದೆ ಇಟ್ಟ. ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ತಿನ್ನಲಿಲ್ಲ.

"ನಿನ್ನ ಹತ್ರ ಹನ್ನೆರಡು ಲಕ್ಷ ಅದೆಯಂತೆ," ಅಂದ ಶಾರ್ಶೆನ್. "ನಮ್ಮ ಸೊಸೆ ನಜಿಪಾ ಬ್ಯಾಂಕಲ್ಲಿ ಕೂರ್ತಾಳಲ್ಲ, ಹೇಳಿದ್ಲು. ಒಳ್ಳೇದಾಯ್ತು. ಏಳನೇ ದಿನದ ಊಟಕ್ಕೆ ನಿನ್ನ ಕಡೆಯಿಂದ ಒಂದು ಕುದುರೆ ಬರ್ಲಿ. ಕೊಬ್ಬಿರೋದು."

"ದೊಡ್ಡೋರೆ, ಅದು ನಮ್ದಲ್ಲ," ಅಂದಳು ಅವ್ವ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು. ನಮ್ಮನ್ನು ತಮ್ಮವರೆಂದು ಇವರು ಒಪ್ಪದಿದ್ದರೂ ಅವ್ವ ಮೂವತ್ತು ವರ್ಷದಿಂದ ಆ ಕಟ್ಟಳೆ ಮುರಿದಿರಲಿಲ್ಲ. "ಮುಟ್ಟಂಗಿಲ್ಲ ದೊಡ್ಡೋರೆ. ಮಗಳ ವೀಸಾ ಕೆಟ್ಟೋಗ್ತದೆ. ಇನ್ನು ಇಪ್ಪತ್ತೈದು ದಿನ. ಆಮೇಲೆ ಹೆಂಗಾದ್ರೂ ಮಾಡಿ..."

"ಸಾವು ಬ್ಯಾಂಕಿನ ದಿನ ಎಣಿಸ್ಕೊಂಡು ಬರ್ತದಾ?"

ಗುಡಾರದಲ್ಲಿ ಕೆಲವರು ನಕ್ಕರು. ಸತ್ತವನು ಅಲ್ಲೇ ತೆರೆಯ ಹಿಂದೆ ಮಲಗಿದ್ದ.

ಶಾರ್ಶೆನ್ ದನಿ ತಗ್ಗಿಸಿದ. "ನೋಡಮ್ಮಾ, ವಂಶದ ಪಟ ಹೊಸದಾಗಿ ಅಚ್ಚು ಹಾಕಿಸ್ತಾ ಇದೀವಿ. ಇಸಾಬೆಕ್ ಹೆಸ್ರು ಸೇರಿಸ್ತೀನಿ. ಇವತ್ತಿಂದ ನೀನು ಬಾಗಿಲಲ್ಲಿ ಕೂರೋದು ಬ್ಯಾಡ. ಒಂದು ಕುದುರೆ. ಅಷ್ಟೇ."

ಅವ್ವ ಮೂಳೆಯನ್ನು ಎದೆಗೆ ಒತ್ತಿಕೊಂಡಳು. "ತರ್ತೀನಿ," ಅಂದಳು.

ನಾನು ಬಾಗಿಲಲ್ಲಿ ಕೂತವಳು ಅದನ್ನು ಕೇಳಿದೆ.

ಮನೆಗೆ ಬಂದ ಕೂಡಲೇ ಶುರುವಾಯಿತು. ಅವ್ವ ಪೆಟ್ಟಿಗೆಯಿಂದ ಗುರುತಿನ ಚೀಟಿ ತೆಗೆದಳು. ನಾನು ಕಿತ್ತುಕೊಂಡೆ.

"ಕೊಡೇ ತುರ್ದು," ಎಂದು ಹೆಸರು ಹಿಡಿದು ಕೂಗಿದಳು.

"ಕೊಡಲ್ಲ. ನಾಳೆ ನೀನು ಬ್ಯಾಂಕಿಗೆ ಹೋದ್ರೆ ನಿನ್ನ ಕಾಲು ಮುರೀತೀನಿ."

"ನಿಮ್ಮಪ್ಪನ ಹೆಸ್ರು ಹಾಕ್ತಾರಂತೆ ಕಣೇ! ಆ ಮನುಷ್ಯ ಸಾಯೋ ತನಕ ಅದನ್ನೇ ಬಯಸ್ದ."

"ಅಪ್ಪ ಸಾಯೋ ತನಕ ಬಯಸಿದ್ದು ಉಸಿರು! ಗುಂಡಿ ಒಳಗೆ ಮಣ್ಣು ತಿಂತಾ ಬಯಸಿದ್ದು ಅದೊಂದೇ!"

ಅವ್ವ ನನ್ನ ಮೇಲೆ ಬಿದ್ದಳು. ಮಣಿಕಟ್ಟು ಕಚ್ಚಿದಳು. ನಾನು ಅವಳನ್ನು ಗೋಡೆಗೆ ತಳ್ಳಿದೆ. ಹೆತ್ತವಳನ್ನು ತಳ್ಳಿದೆ, ಸುಳ್ಳು ಹೇಳುವುದಿಲ್ಲ. ಚಹಾದ ಬಟ್ಟಲುಗಳು ಬಿದ್ದು ಚೂರಾದವು. ಸಲ್ಕಿನ್ ನಡುವೆ ಬಂದಳು.

"ಬಿಡಿ, ನಾನು ಹೋಗಲ್ಲ. ಎಲ್ಲೂ ಹೋಗಲ್ಲ. ತಗೊಂಡು ಕುದುರೆ ತನ್ನಿ."

ನಾನು ಅವಳ ಕೆನ್ನೆಗೆ ಬಾರಿಸಿದೆ. "ಇನ್ನೊಂದ್ಸಲ ಹಂಗಂದ್ರೆ ಹಲ್ಲು ಉದುರಿಸ್ತೀನಿ. ಅದು ನಿನ್ನ ದುಡ್ಡಲ್ಲ ಬಿಟ್ಟುಕೊಡೋಕೆ. ಶಾಕೆನ್ ದೊಡ್ಡಮ್ಮನ ಬೆನ್ನು ಅದು."

ಗುರುತಿನ ಚೀಟಿಯನ್ನು ರವಿಕೆಯೊಳಗೆ ಹಾಕಿಕೊಂಡೆ. ನಾಲ್ಕು ದಿನ ಅದನ್ನು ಮೈಮೇಲೆ ಇಟ್ಟುಕೊಂಡೇ ಮಲಗಿದೆ, ಇಟ್ಟುಕೊಂಡೇ ಗುಂಡಿಗೆ ಇಳಿದೆ. ಅವ್ವ ನನ್ನ ಜೊತೆ ಮಾತು ಬಿಟ್ಟಳು.

ಐದನೇ ದಿನ ಮಧ್ಯಾಹ್ನ ಅವರು ಗುಂಡಿಗೇ ಬಂದರು. ಶಾರ್ಶೆನ್ ಕುದುರೆ ಮೇಲೆ, ಅವನ ಮಗ ತಾಬಿಲ್ದಿ ಇನ್ನೊಂದರ ಮೇಲೆ, ಜೊತೆಗೆ ಇಬ್ಬರು ದಾಂಡಿಗರು. ನಾನು ಚೀಲ ಎಳೆದುಕೊಂಡು ಬಿಲದಿಂದ ತಲೆ ಹೊರಗೆ ಹಾಕಿದಾಗ ಮೊದಲು ಕಂಡದ್ದು ತಾಬಿಲ್ದಿಯ ಬೂಟು. ಅವ್ವ ಆಚೆ ಕಲ್ಲಿದ್ದಲು ಆರಿಸುತ್ತಿದ್ದಳು. ನಮ್ಮ ಕೆಂಚಿ ಬಂಡಿಗೆ ಕಟ್ಟಿಸಿಕೊಂಡು ನಿಂತಿತ್ತು.

ಕೆಂಚಿ ನಮ್ಮ ಕುದುರೆ. ಹದಿನಾರು ವರ್ಷದ ಹೆಣ್ಣು. ಪಕ್ಕೆಲುಬು ಎಣಿಸಬಹುದು, ಒಂದು ಕಣ್ಣಿನಲ್ಲಿ ಪೊರೆ. ಗುಂಡಿಯಿಂದ ರಸ್ತೆಯವರೆಗೆ ಏರಿಳಿಯುವ ದಾರಿಯಲ್ಲಿ ಕಲ್ಲಿದ್ದಲು ಸಾಗಿಸುವುದು ಅದೇ. ಅದಿಲ್ಲದಿದ್ದರೆ ನಮ್ಮ ಕಲ್ಲಿದ್ದಲು ಬೆಟ್ಟದಲ್ಲೇ ಕೊಳೆಯುತ್ತಿತ್ತು, ನಾವು ಕೆಳಗೆ ಹಸಿದು ಸಾಯುತ್ತಿದ್ದೆವು. ಇದು ಶಾರ್ಶೆನ್‌ಗೆ ಚೆನ್ನಾಗಿ ಗೊತ್ತಿತ್ತು.

ತಾಬಿಲ್ದಿ ಬಂಡಿಯ ಹಗ್ಗ ಕುಯ್ದು ಕೆಂಚಿಯನ್ನು ಬಿಡಿಸಿದ.

"ಇದನ್ನ ಕರ್ಕೊಂಡು ಹೋಗ್ತೀವಿ," ಅಂದ ಶಾರ್ಶೆನ್ ಅವ್ವನಿಗೆ. "ಏಳನೇ ದಿನದೊಳಗೆ ಬ್ಯಾಂಕಿಂದ ದುಡ್ಡು ತಂದು ಕೊಬ್ಬಿದ ಕುದುರೆ ತಗೊಂಡು ಬಾ, ಇದನ್ನ ಬಿಡಿಸ್ಕೊಂಡು ಹೋಗು. ಇಲ್ಲಾಂದ್ರೆ ಇದನ್ನೇ ಕೊಯ್ತೀವಿ. ಕೊಟ್ಟ ಮಾತಿಗೆ ತಪ್ಪಿದ್ರೆ ಹೆಂಗೆ?"

"ಇದ್ರಲ್ಲಿ ಏನದೆ ಕೊಯ್ಯೋಕೆ," ಅಂದ ತಾಬಿಲ್ದಿ ಕೆಂಚಿಯ ಸೊಂಟಕ್ಕೆ ಒದ್ದು. "ನಾಯಿನೂ ಮೂಸಲ್ಲ."

ಅವ್ವ ನನ್ನ ಕಡೆ ಓಡಿ ಬಂದಳು. ಮುಖದ ತುಂಬ ಮಸಿ, ಮಸಿಯ ಮೇಲೆ ಕಣ್ಣೀರು. "ಚೀಟಿ ಕೊಡೇ ತುರ್ದು. ಕುದುರೆ ಹೋದ್ರೆ ಏನ್ ತಿನ್ನೋಣ? ನಾಳೆ ಹೋಗಿ ತಗೊಂಡು ಬರ್ತೀನಿ. ಕೊಡೇ, ನಿನ್ನ ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬಿದ್ದಳು. ನನ್ನ ಬೂಟು ಹಿಡಿದುಕೊಂಡಳು. ಶಾರ್ಶೆನ್ ಮೇಲಿನಿಂದ ನೋಡುತ್ತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ. ನಾನು ಕೊಟ್ಟೇ ಕೊಡುತ್ತೇನೆ ಎಂಬ ನಂಬಿಕೆ ಇತ್ತು. ಆ ನಂಬಿಕೆ ನೋಡಿ ನನಗೆ ರಕ್ತ ಕುದಿಯಿತು. ನೂರು ವರ್ಷದಿಂದ ನಾವು ಕೊಟ್ಟು ಕೊಟ್ಟು ಅವರ ಮುಖಕ್ಕೆ ಅದು ಬಂದಿತ್ತು.

ಕೆಂಚಿ ಬದುಕಿದ್ದರೆ ಅದನ್ನು ಬಿಡಿಸಲು ಅವ್ವ ಬ್ಯಾಂಕಿಗೆ ಹೋಗುತ್ತಾಳೆ. ಇವತ್ತಲ್ಲದಿದ್ದರೆ ನಾಳೆ. ನನ್ನನ್ನು ಮಲಗಿದ್ದಲ್ಲೇ ಕಟ್ಟಿಹಾಕಿಯಾದರೂ ಹೋಗುತ್ತಾಳೆ. ಇಷ್ಟೇ ನಾನು ಯೋಚಿಸಿದ್ದು.

ಕಾಲು ಬಿಡಿಸಿಕೊಂಡೆ. ಕಲ್ಲೊಡೆಯುವ ಸಮ್ಮಟಿಗೆ ಬಿಲದ ಬಾಯಲ್ಲೇ ಇತ್ತು. ಎತ್ತಿಕೊಂಡೆ. ತಾಬಿಲ್ದಿ ತನಗೆ ಹೊಡೆಯುತ್ತೇನೆಂದು ಹಗ್ಗ ಬಿಟ್ಟು ಹಿಂದಕ್ಕೆ ಹಾರಿದ. ನಾನು ಕೆಂಚಿಯ ಮುಂದೆ ನಿಂತೆ. ಅದು ನನ್ನ ಕೈ ಮೂಸಿತು. ರೊಟ್ಟಿ ಇದೆಯೇನೋ ಎಂದು. ಎರಡೂ ಕೈಯಲ್ಲಿ ಎತ್ತಿ ಹಣೆಗೆ ಬೀಸಿದೆ.

ಒಂದೇ ಏಟಿಗೆ ಸಾಯಲಿಲ್ಲ. ಮುಂಗಾಲು ಮಡಚಿತು. ಮೂಗಿನಿಂದ ರಕ್ತ ನುಗ್ಗಿ ನನ್ನ ಎದೆಗೆ ಬಡಿಯಿತು. ಎರಡನೇ ಏಟು ಹಾಕಿದೆ. ಮೂರನೆಯದು ಹಾಕಿದೆ. ಹಣೆಯ ಮೂಳೆ ಒಳಗೆ ಹೋದದ್ದು ಕೈಗೆ ಗೊತ್ತಾಯಿತು. ಪಕ್ಕಕ್ಕೆ ಬಿದ್ದು ಕಾಲು ಜಾಡಿಸಿತು, ಆಮೇಲೆ ಒದ್ದಾಟವೂ ನಿಂತಿತು.

"ಬಿಸ್ಮಿಲ್ಲಾ ಅಂದಿಲ್ಲ!" ಎಂದು ಕಿರುಚಿದೆ. "ಕತ್ತಿ ಹಾಕಿಲ್ಲ! ಇದು ಹೆಣ! ಹರಾಮು! ತಗೊಂಡು ಹೋಗ್ರೋ, ಏಳನೇ ದಿನಕ್ಕೆ ಬೇಯಿಸ್ಕೊಂಡು ತಿನ್ರೋ!"

ದೇವರ ಹೆಸರು ಹೇಳಿ ಕೊಯ್ಯದ ಮಾಂಸವನ್ನು ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ಶಾರ್ಶೆನ್ ಏರಿದ್ದ ಕುದುರೆ ರಕ್ತದ ವಾಸನೆಗೆ ಹಿಂದೆ ಹಿಂದೆ ಸರಿಯಿತು.

ಆಮೇಲೆ ಹೊಡೆತ ಬಿದ್ದವು. ತಾಬಿಲ್ದಿಯ ಚಾವಟಿ ಮೊದಲು ಕಿವಿಗೆ ಬಿತ್ತು, ಕಿವಿ ಹರಿಯಿತು. ದಾಂಡಿಗರು ಕೆಡವಿ ಒದ್ದರು. ಪಕ್ಕೆಯಲ್ಲಿ ಲಟಕ್ ಎಂದದ್ದು ಕೇಳಿಸಿತು. ನಾನು ಅಂಗಾತ ಬೀಳಲಿಲ್ಲ. ಎದೆ ಕೆಳಗೆ ಮಾಡಿ, ರವಿಕೆಯಲ್ಲಿದ್ದ ಚೀಟಿಯ ಮೇಲೆ ಮಲಗಿದೆ. ಬಾಯಿಗೆ ಕಲ್ಲಿದ್ದಲಿನ ಪುಡಿ ಬಂತು. ಅಪ್ಪನಿಗೂ ಇದೇ ರುಚಿ ಬಂದಿರಬೇಕು ಅನ್ನಿಸಿತು.

ಹೊಡೆತ ನಿಂತದ್ದು ಹೆಂಗಸರಿಂದ. ಅಕ್ಕಪಕ್ಕದ ಬಿಲಗಳಿಂದ ಏಳೂ ಜನ ತೆವಳಿ ಬಂದರು, ಕೈಯಲ್ಲಿ ಸಲಿಕೆ. ಶಾಕೆನ್ ಒಬ್ಬ ದಾಂಡಿಗನ ಮೊಣಕಾಲಿನ ಹಿಂದೆ ಸಲಿಕೆಯ ಅಂಚಿನಿಂದ ಬಡಿದಳು. ಅವನು ಕೂಗಿಕೊಂಡು ಕೂತ.

"ಇನ್ನೊಂದು ಏಟು ಹಾಕ್ಲಾ ಮಗನೇ? ಮಕ್ಕಳು ಹುಟ್ಟಿಸೋ ಜಾಗಕ್ಕೆ ಹಾಕ್ತೀನಿ ಈ ಸಲ," ಅಂದಳು.

ಶಾರ್ಶೆನ್ ಕುದುರೆಯ ಮೇಲಿಂದಲೇ ಕೈ ಎತ್ತಿದ. ಅವನ ಮುಖ ಬೆಳ್ಳಗಾಗಿತ್ತು.

"ಕೇಳು ಬುಬುಸಾರಾ. ಇವತ್ತಿಗೆ ಮುಗೀತು. ಪಟದಲ್ಲಿ ಹೆಸ್ರಿಲ್ಲ. ಊರಿನ ಊಟಕ್ಕೂ ಸಾವಿಗೂ ನಿಮಗೆ ಕರೆಯಿಲ್ಲ. ನೀನು ಸತ್ತಾಗ ನಿನ್ನ ಹೆಣಕ್ಕೆ ಒಬ್ಬನೇ ಒಬ್ಬ ಗಂಡಸು ಹೆಗಲು ಕೊಡಲ್ಲ."

ಅವ್ವ ಕೆಂಚಿಯ ಪಕ್ಕ ಕೂತಿದ್ದಳು. ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ನನ್ನನ್ನು ಶಪಿಸುತ್ತಾಳೆ ಎಂದುಕೊಂಡೆ. ಅವಳು ನಿಧಾನವಾಗಿ ಎದ್ದಳು. ಲಂಗ ರಕ್ತದಲ್ಲಿ ತೊಯ್ದಿತ್ತು.

"ಶಾರ್ಶೆನ್," ಅಂದಳು.

ಮೂವತ್ತು ವರ್ಷ ಆಡದ ಹೆಸರು. ಬೆಟ್ಟ ಕೇಳುವ ಹಾಗೆ ಅಂದಳು. ತಾಬಿಲ್ದಿ ಬಾಯಿ ತೆರೆದವನು ಮುಚ್ಚಲಿಲ್ಲ. ಅವನ ಅಪ್ಪನ ಕೆನ್ನೆಗೆ ಎಲ್ಲರೆದುರು ಹೊಡೆದಿದ್ದರೂ ಅವನಿಗೆ ಹಾಗಾಗುತ್ತಿರಲಿಲ್ಲ.

"ಶಾರ್ಶೆನ್! ನನ್ನ ಗಂಡ ಇದೇ ಬಿಲದೊಳಗೆ ಮಣ್ಣಡೀಲಿ ಎರಡು ದಿನ ಇದ್ದ. ನೀವ್ಯಾರು ಬಂದ್ರಿ? ಕಿರ್ಮೆ ಸತ್ರೆ ಗುಡಾರ ಹಾಕೋರಿಲ್ಲ ಅಂದ್ರಿ. ಉಗುರಲ್ಲಿ ಮಣ್ಣು ಕೆರೆದು ಅವನ್ನ ಆಚೆಗೆ ಎಳೆದೋರು ಈ ಹೆಂಗಸ್ರು. ನನ್ನ ಹೆಣಾನೂ ಇವ್ರೇ ಎತ್ತುತಾರೆ. ಹೋಗೋ ಶಾರ್ಶೆನ್. ಹೋಗಿ ನಿನ್ನ ಅಣ್ಣನಿಗೆ ಊಟ ಹಾಕು."

ಅವನು ಚಾವಟಿ ಎತ್ತಿದ. ಏಳು ಸಲಿಕೆಗಳೂ ಎದ್ದವು. ಅವನು ಚಾವಟಿಯನ್ನು ತನ್ನ ಕುದುರೆಗೇ ಬಾರಿಸಿ ತಿರುಗಿಸಿಕೊಂಡು ಹೋದ.

ಅವರು ಕಣ್ಮರೆಯಾದ ಮೇಲೆ ಅವ್ವ ನನ್ನ ಹತ್ತಿರ ಬಂದಳು. ಹರಿದ ಕಿವಿ ನೋಡಿದಳು. ಇನ್ನೊಂದು ಕೆನ್ನೆಗೆ ಒಂದು ಬಿಗಿದಳು.

"ಇದು ಕೆಂಚಿಗೆ," ಅಂದಳು. ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು. ಮುರಿದ ಪಕ್ಕೆ ನೋಯುತ್ತಿತ್ತು. ಬಿಡು ಎನ್ನಲಿಲ್ಲ.

ಕೆಂಚಿಯನ್ನು ಹೂಳಲು ಸಂಜೆಯಾಯಿತು. ಎಂಟು ಜನ ಹೆಂಗಸರು ಹೆಪ್ಪುಗಟ್ಟಿದ ನೆಲ ಅಗೆದರು. ನಾನು ಕೂತು ನೋಡಿದೆ, ಅಗೆಯುವ ಹಾಗಿರಲಿಲ್ಲ. ಅದರ ಗಾಯದ ಮೇಲೆ ನನ್ನ ತಲೆವಸ್ತ್ರ ಹೊದಿಸಿದೆ. ಅದು ನನಗೆ ಏನೂ ಮಾಡಿರಲಿಲ್ಲ. ಹನ್ನೊಂದು ವರ್ಷ ನಮ್ಮ ಕಲ್ಲಿದ್ದಲು ಎಳೆದಿತ್ತು. ಈಗಲೂ ನಿದ್ದೆಯಲ್ಲಿ ಆ ಮೂಗು ನನ್ನ ಕೈ ಮೂಸುತ್ತದೆ, ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ.

ಮೂರನೇ ದಿನ ಪಕ್ಕೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಕೆಂಚಿಯ ಜಾಗದಲ್ಲಿ ನಾನು ನಿಂತೆ. ಬಂಡಿ ಎಳೆಯಲು ಅದಕ್ಕೆ ಕಟ್ಟುತ್ತಿದ್ದ ಎದೆಪಟ್ಟಿ ನನಗೆ ದೊಡ್ಡದಾಗಿತ್ತು. ಶಾಕೆನ್ ಅದನ್ನು ಕುಯ್ದು, ದಬ್ಬಳದಲ್ಲಿ ಹೊಲಿದು ನನ್ನ ಅಳತೆಗೆ ತಂದಳು. ಅವ್ವ ಹಿಂದಿನಿಂದ ತಳ್ಳುತ್ತಿದ್ದಳು. ಕೆಂಚಿ ಇಪ್ಪತ್ತು ಚೀಲ ಎಳೆಯುತ್ತಿತ್ತು. ನಾನು ನಾಲ್ಕು. ರಸ್ತೆಯಲ್ಲಿ ಲಾರಿಯವರು ನಕ್ಕರು, ಒಬ್ಬ ಹುಲ್ಲು ಬೇಕಾ ಎಂದು ಕೇಳಿದ. ಉಗಿದೆ. ಉಗುಳಿನಲ್ಲಿ ಇನ್ನೂ ರಕ್ತವಿತ್ತು. ಊರಿನ ಅಂಗಡಿ ನಮಗೆ ಹಿಟ್ಟು ಕೊಡಲಿಲ್ಲ. ಹೆಂಗಸರು ತಮ್ಮ ಮನೆಯಿಂದ ರೊಟ್ಟಿ ತಂದರು. ಹಣ ಮಲಗಿಯೇ ಇತ್ತು.

ತೊಂಬತ್ತನೇ ದಿನ ಕಳೆದ ಮರುದಿನ ನಾನೂ ಅವ್ವನೂ ಬ್ಯಾಂಕಿಗೆ ಹೋದೆವು. ಕಿಟಕಿಯಲ್ಲಿ ನಜಿಪಾಳೇ ಇದ್ದಳು, ಶಾರ್ಶೆನ್‌ನ ಸೊಸೆ. ಅವಳು ನನ್ನ ಕಿವಿ ನೋಡಿದಳು. ಅವಳ ಕೆಳತುಟಿ ಒಡೆದು ಊದಿತ್ತು. ಅದು ಯಾರ ಕೈ ಎಂದು ನಾನು ಕೇಳಲಿಲ್ಲ.

"ಕಾಗದ ಕೊಡ್ತೀಯೋ, ನಾನು ಗಾಜು ಒಡೀಲೋ?" ಎಂದೆ.

ಅವಳು ಕಾಗದ ತೆಗೆದಳು, ಸಹಿ ಹಾಕಿದಳು, ಮುದ್ರೆಯನ್ನು ಮೇಜು ಅದುರುವ ಹಾಗೆ ಗುದ್ದಿದಳು.

"ಮಾವ ಕೇಳಿದ್ರೆ ಯಂತ್ರ ತಾನೇ ಕೊಡ್ತು ಅಂತೀನಿ," ಅಂದಳು. "ಬೇಗ ಹೋಗಿ. ನಾನು ಅವತ್ತು ಹೇಳಬಾರದಿತ್ತು."

ನಾನು ಅವಳನ್ನು ಕ್ಷಮಿಸಲಿಲ್ಲ. ಕಾಗದ ತೆಗೆದುಕೊಂಡೆ. ಹೆಂಗಸರ ಪಾಲನ್ನು ಮಾತ್ರ ಇನ್ನೂ ತೆಗೆಯಲಿಲ್ಲ. ವೀಸಾ ಕೈಗೆ ಬರುವವರೆಗೂ ಬೇಡ ಅಂದವರು ಅವರೇ.

ಸಲ್ಕಿನ್ ಆ ಕಾಗದ ಹಿಡಿದು ರಾಜಧಾನಿಗೆ ಹೋದಳು. ಹದಿನೇಳು ದಿನ ಬಿಟ್ಟು ಫೋನ್ ಮಾಡಿದಳು. ನಾನು ಏರಿನ ನಡುವೆ ಎದೆಪಟ್ಟಿ ಹಾಕಿಕೊಂಡು ನಿಂತಿದ್ದೆ.

"ವೀಸಾ ಕೊಟ್ರು ಅಕ್ಕಾ."

ಅವಳು ಮುಂದುವರಿಸಿದಳು. ದನಿಯಲ್ಲಿ ಸಂತೋಷವಿರಲಿಲ್ಲ.

"ಅಕ್ಕಾ, ಅರ್ಜಿ ಕೊಟ್ಟ ದಿನ ಕಿಟಕಿಯಲ್ಲಿದ್ದೋಳು ಕೇಳಿದ್ಲು, ಇಷ್ಟು ದುಡ್ಡು ನಿಮ್ಮಮ್ಮ ಹೆಂಗೆ ದುಡಿದ್ರು ಅಂತ. ಕಲ್ಲಿದ್ದಲು ಹೊತ್ತು ಅಂದೆ. ಅವಳು ನನ್ನ ಕೈ ನೋಡಿದ್ಲು. ನನ್ನ ಕೈ ಮೆತ್ತಗೆ, ಬೆಳ್ಳಗೆ ಇವೆ ಅಕ್ಕಾ. ಒಂದು ಗೀರಿಲ್ಲ. ಮೇಜಿನ ಕೆಳಗೆ ಇಟ್ಕೊಂಡ್ಬಿಟ್ಟೆ. ಅಷ್ಟು ನಾಚಿಕೆ ಆಯ್ತು."

"ತೆಗಿಯೇ ಕೈ ಮೇಲಕ್ಕೆ," ಎಂದು ಗದರಿದೆ. "ಇನ್ನು ಯಾರ ಮುಂದೆನೂ ಬಚ್ಚಿಡಬೇಡ. ಆ ಕೈ ಹಂಗೇ ಇರ್ಲಿ ಅಂತಾನೇ ಕಣೇ ನಾನು ಕೆಂಚೀನ ಹೊಡೆದದ್ದು."

ಅವಳು ಅತ್ತಳು. ನಾನೂ ಅತ್ತೆ. ಹಿಂದಿನಿಂದ ಅವ್ವ, "ಏನಂತೆ? ಏನಂತೇ?" ಎಂದು ಕೂಗಿದಳು. ಹೇಳಿದೆ. ಅವ್ವ ತಲೆವಸ್ತ್ರ ಬಿಗಿದುಕೊಂಡು, ಬಂಡಿಗೆ ಹೆಗಲು ಕೊಟ್ಟಳು. ನಾನು ಎಳೆದೆ.